ರೋಗಿ ಕುಸಿಯುವ ಮೊದಲೇ ಗುರುತಿಸುವುದು: ವಾರ್ಡ್ ಶುಶ್ರೂಷಕರಿಗೆ ಹಂತಹಂತದ ಮಾರ್ಗದರ್ಶಿ

ಯಾವುದಾದರೂ ಜನರಲ್ ವಾರ್ಡಿನ ಟಿಪಿಆರ್ (ಜ್ವರ, ನಾಡಿ, ಉಸಿರಾಟ) ಚಾರ್ಟ್‌ಗಳನ್ನು ತೆಗೆದು ಉಸಿರಾಟದ ಕಾಲಂ ಒಂದನ್ನೇ ನೋಡುತ್ತ ಹೋಗಿ. ಎಷ್ಟೋ ಕಡೆ ಮೂವತ್ತು ಹಾಸಿಗೆಗೂ 18, 20, 18, 20 ಎಂದೇ ಇರುತ್ತದೆ. ಮೂವತ್ತು ಜನ ಕಾಯಿಲೆಯವರು ಒಂದೇ ಲೆಕ್ಕದಲ್ಲಿ ಉಸಿರಾಡುವುದಿಲ್ಲ. ಅದು ಎಣಿಸದೆ ಬರೆದ ಅಂಕಿ. ಆದರೆ ರೋಗಿ ಹದಗೆಡುವಾಗ ಬಹಳ ಸಲ ಮೊದಲು ಏರುವುದು ಆ ಉಸಿರಾಟವೇ. ಬಿಪಿ ಬೀಳುವುದು ಎಷ್ಟೋ ಹೊತ್ತಿನ ಮೇಲೆ, ದೇಹ ತಡೆದು ತಡೆದು ಸೋತಾಗ. ಉಸಿರಾಟ 24 ಆದ ಗಳಿಗೆಗೂ ಬಿಪಿ 80 ಆದ ಗಳಿಗೆಗೂ ನಡುವೆ ಇರುವ ಆ ಕೆಲವು ತಾಸುಗಳಲ್ಲಿ ರೋಗಿಯ ಹತ್ತಿರ ಇರುವವರು ಸಿಸ್ಟರ್, ಬ್ರದರ್ ಮಾತ್ರ. ಆ ಹೊತ್ತನ್ನು ಕೈಬಿಡದಿರುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಇಲ್ಲಿ ಕೊಟ್ಟಿರುವ ಅಂಕಿಗಳು ವಯಸ್ಕರ ವಾರ್ಡಿಗೆ. ಮಕ್ಕಳು, ಗರ್ಭಿಣಿಯರು, ಬಾಣಂತಿಯರಿಗೆ ಬೇರೆಯೇ ಚಾರ್ಟ್‌ಗಳಿವೆ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಹೇಳಿದರೆ ಅದನ್ನೇ ಅನುಸರಿಸಿ.

ಹಂತ 1: ಹಾಸಿಗೆಯ ಕಾಲ ಬಳಿ ಹತ್ತು ಸೆಕೆಂಡ್

ಓವರ್ (ಹಿಂದಿನ ಪಾಳಿಯವರಿಂದ ವಾರ್ಡಿನ ಜವಾಬ್ದಾರಿ) ತೆಗೆದುಕೊಂಡ ಕೂಡಲೇ ಔಷಧಿ ಟ್ರಾಲಿ ತಳ್ಳಬೇಡಿ. ಮೊದಲು ಬರಿಗೈಯಲ್ಲಿ ಒಂದು ಸುತ್ತು ಬನ್ನಿ. ಪ್ರತಿ ಹಾಸಿಗೆಯ ಕಾಲ ಬಳಿ ನಿಂತು ನೋಡಬೇಕಾದ್ದು ಇಷ್ಟು: ರೋಗಿ ಮಲಗಿದ್ದಾರೋ ಅಥವಾ ಉಸಿರಿಗಾಗಿ ಎದ್ದು ಮುಂದಕ್ಕೆ ಬಾಗಿ ಕೂತಿದ್ದಾರೋ, ಕತ್ತಿನ ಸ್ನಾಯು ಎಳೆಯುತ್ತಿದೆಯೋ, ಹಣೆಯಲ್ಲಿ ಬೆವರಿದೆಯೋ, ಹೊದಿಕೆಯನ್ನು ಕಿತ್ತು ಎಸೆಯುವಂತಹ ಚಡಪಡಿಕೆ ಇದೆಯೋ.

"ಚೆನ್ನಾಗಿದ್ದೀರಾ?" ಎಂದು ಕೇಳಬೇಡಿ. "ಪರವಾಗಿಲ್ಲ ಸಿಸ್ಟರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಯಾವ ಊರು? ಮನೇಲಿ ಯಾರ‍್ಯಾರಿದ್ದಾರೆ?" ಎಂದು ಕೇಳಿ. ಒಂದೇ ಉಸಿರಿಗೆ ವಾಕ್ಯ ಮುಗಿಸಿದರೆ ಸರಿ. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದರೆ, ಊರಿನ ಹೆಸರು ತಪ್ಪಿದರೆ, ಅಲ್ಲೇ ನಿಲ್ಲಿ. "ನಿನ್ನೆ ರಾತ್ರಿಯಿಂದ ಅಪ್ಪ ಏನೇನೋ ಮಾತಾಡ್ತಿದಾರೆ" ಎಂದು ಮಗಳು ಹೇಳಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಹೊಸದಾಗಿ ಶುರುವಾದ ಗೊಂದಲ ಎಂದರೆ ಸಕ್ಕರೆ ಇಳಿದಿರಬಹುದು, ಸೋಂಕು ರಕ್ತಕ್ಕೆ ಇಳಿದಿರಬಹುದು, ಆಕ್ಸಿಜನ್ ಸಾಲದಿರಬಹುದು, ಸೋಡಿಯಂ ಕಡಿಮೆಯಾಗಿರಬಹುದು, ಮೂತ್ರ ಕಟ್ಟಿರಬಹುದು. ಎಲ್ಲವನ್ನೂ ಹುಡುಕಬೇಕು.

ಹಂತ 2: ಎಣಿಸುವುದು

ಉಸಿರಾಟ ಎಣಿಸುತ್ತೇವೆಂದು ರೋಗಿಗೆ ಹೇಳಿದರೆ ಅವರ ಉಸಿರಾಟದ ರೀತಿಯೇ ಬದಲಾಗುತ್ತದೆ. ಮಣಿಕಟ್ಟು ಹಿಡಿದು ನಾಡಿ ನೋಡುವಂತೆ ನಿಂತು ಎದೆ ಅಥವಾ ಹೊಟ್ಟೆ ಏರುವುದನ್ನು ಎಣಿಸಿ. ಪೂರ್ತಿ 60 ಸೆಕೆಂಡ್. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕರ ವ್ಯತ್ಯಾಸ. 20 ಮತ್ತು 24ರ ನಡುವೆ ಇರುವುದೂ ಅಷ್ಟೇ. ದಪ್ಪ ಹೊದಿಕೆಯಿದ್ದರೆ ಸರಿಸಿ. ಆ ಒಂದು ನಿಮಿಷ ಕೈ ಹಿಡಿದಿರುವಾಗಲೇ ಇನ್ನೂ ಮೂರು ವಿಷಯ ತಿಳಿಯುತ್ತದೆ: ಕೈ ಬೆಚ್ಚಗಿದೆಯೋ ತಣ್ಣಗಿದೆಯೋ, ನಾಡಿ ತುಂಬಿಕೊಂಡಿದೆಯೋ ದಾರದಂತಿದೆಯೋ, ಲಯ ಸರಿಯಿದೆಯೋ ಇಲ್ಲವೋ. ಲಯ ತಪ್ಪಿದ್ದರೆ ಯಂತ್ರದ ಅಂಕಿ ನಂಬದೆ ಎದೆಗೆ ಸ್ಟೆತೋಸ್ಕೋಪ್ ಇಟ್ಟು ಪೂರ್ತಿ ನಿಮಿಷ ಎಣಿಸಿ.

ಯಂತ್ರಗಳೂ ಮೋಸ ಮಾಡುತ್ತವೆ. ಪಲ್ಸ್ ಆಕ್ಸಿಮೀಟರ್‌ಗೆ ತಣ್ಣಗಿನ ಬೆರಳು, ಉಗುರುಬಣ್ಣ, ಕಪ್ಪಗೆ ಏರಿದ ಮೆಹಂದಿ ಅಡ್ಡಬರುತ್ತವೆ. ಬೆರಳು ಬದಲಿಸಿ, ಇಲ್ಲವೇ ಕಿವಿಯ ಹಾಲೆಗೆ ಹಾಕಿ. ಪರದೆಯ ನಾಡಿಯ ಅಂಕಿಗೂ ನಿಮ್ಮ ಕೈಗೆ ಸಿಕ್ಕ ನಾಡಿಗೂ ತಾಳೆಯಾಗದಿದ್ದರೆ ಅದು ತೋರಿಸುವ ರಕ್ತದ ಆಕ್ಸಿಜನ್ ಶೇಕಡಾ ಅಂಕಿಗೂ, ಎಂದರೆ ಸ್ಯಾಚುರೇಷನ್‌ಗೂ ಬೆಲೆಯಿಲ್ಲ. ಮೈಬಣ್ಣ ಗಾಢವಾಗಿದ್ದಷ್ಟೂ ಯಂತ್ರ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವ ಸಂಭವ ಇದೆ. ಹಾಗಾಗಿ ನಮ್ಮ ರೋಗಿಗಳಲ್ಲಿ 94 ಬಂತೆಂದು ಸಮಾಧಾನ ಪಡುವ ಮುನ್ನ ಉಸಿರಾಟ ನೋಡಿ. ಬೆಂಕಿ ಅನಾಹುತದ ಹೊಗೆ ಕುಡಿದವರಲ್ಲಂತೂ 99 ತೋರಿಸಿದರೂ ನಂಬುವಂತಿಲ್ಲ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಕ್ಸಿಜನ್ ಎಂದೇ ಓದುತ್ತದೆ. ಬಿಪಿ ಕಫ್ ಚಿಕ್ಕದಾದರೆ ಅಂಕಿ ಸುಳ್ಳು ಸುಳ್ಳೇ ಏರುತ್ತದೆ.

ಹಂತ 3: ಅಂಕ ಹಾಕುವುದು

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ರೋಗಿ ಹದಗೆಡುವುದನ್ನು ಮೊದಲೇ ಎಚ್ಚರಿಸುವ ನ್ಯೂಸ್-2 ಅಂಕಪಟ್ಟಿ ಭಾರತದ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ನಿಮ್ಮ ಚಾರ್ಟ್‌ನಲ್ಲಿ ಇಲ್ಲದಿದ್ದರೂ ಕೈಬರಹದಲ್ಲಿ ಬರೆದು ನರ್ಸಿಂಗ್ ಸ್ಟೇಷನ್‌ನಲ್ಲಿ ಅಂಟಿಸಿಕೊಳ್ಳಬಹುದು.

- ಉಸಿರಾಟ: 12–20 ಇದ್ದರೆ 0, 9–11 ಇದ್ದರೆ 1, 21–24 ಇದ್ದರೆ 2, 8 ಅಥವಾ ಕಡಿಮೆ, 25 ಅಥವಾ ಹೆಚ್ಚಿದ್ದರೆ 3.
- ಸ್ಯಾಚುರೇಷನ್: 96 ಅಥವಾ ಹೆಚ್ಚಿದ್ದರೆ 0; 94–95ಕ್ಕೆ 1; 92–93ಕ್ಕೆ 2; 91 ಅಥವಾ ಕಡಿಮೆಗೆ 3. ಆಕ್ಸಿಜನ್ ಹಾಕಿದ್ದರೆ ಇನ್ನೆರಡು ಸೇರಿಸಿ.
- ಮೇಲಿನ ಬಿಪಿ: 111–219ಕ್ಕೆ 0, 101–110ಕ್ಕೆ 1, 91–100ಕ್ಕೆ 2, 90 ಅಥವಾ ಕಡಿಮೆ, 220 ಅಥವಾ ಹೆಚ್ಚಿದ್ದರೆ 3.
- ನಾಡಿ: 51–90ಕ್ಕೆ 0, 41–50 ಮತ್ತು 91–110ಕ್ಕೆ 1, 111–130ಕ್ಕೆ 2, 40 ಅಥವಾ ಕಡಿಮೆ, 131 ಅಥವಾ ಹೆಚ್ಚಿಗೆ 3.
- ಎಚ್ಚರ: ಪೂರ್ತಿ ಎಚ್ಚರವಿದ್ದರೆ 0. ಹೊಸ ಗೊಂದಲ, ಕೂಗಿದರೆ ಮಾತ್ರ ಸ್ಪಂದನೆ, ನೋವಿಗೆ ಮಾತ್ರ ಸ್ಪಂದನೆ, ಸ್ಪಂದನೆಯೇ ಇಲ್ಲ, ಇವುಗಳಲ್ಲಿ ಯಾವುದಿದ್ದರೂ 3.
- ಜ್ವರ, ಸೆಲ್ಸಿಯಸ್‌ನಲ್ಲಿ: 36.1–38.0ಕ್ಕೆ 0, 35.1–36.0 ಮತ್ತು 38.1–39.0ಕ್ಕೆ 1, 39.1 ಅಥವಾ ಹೆಚ್ಚಿಗೆ 2, 35.0 ಅಥವಾ ಕಡಿಮೆಗೆ 3.

ಒಟ್ಟು 0 ಆದರೆ ಮುಂದಿನ ವೈಟಲ್ಸ್ (ಮೇಲಿನ ಈ ಅಳತೆಗಳು) 12 ಗಂಟೆಯೊಳಗೆ, 1–4 ಆದರೆ 4ರಿಂದ 6 ಗಂಟೆಯೊಳಗೆ. ಯಾವುದೇ ಒಂದರಲ್ಲೇ 3 ಬಂದರೆ, ಅಥವಾ ಒಟ್ಟು 5–6 ಆದರೆ, ಗಂಟೆಗೊಮ್ಮೆ ನೋಡಿ, ಡ್ಯೂಟಿ ಡಾಕ್ಟರನ್ನು ಕರೆಯಿರಿ. 7 ಮುಟ್ಟಿದರೆ ತುರ್ತು, ಮಾನಿಟರ್ ಬಿಚ್ಚುವಂತಿಲ್ಲ. ಹಳೆಯ ಸಿಒಪಿಡಿಯಿಂದ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವವರ ಸ್ಯಾಚುರೇಷನ್ ಗುರಿ 88–92. ಅವರಿಗೆ ವೈದ್ಯರು ಬರೆದುಕೊಟ್ಟ ಮೇಲೆ ಬೇರೆ ಅಳತೆ ಬಳಸಬೇಕು; 98 ಮಾಡಲು ಹೋಗಿ ಆಕ್ಸಿಜನ್ ಏರಿಸಿದರೆ ರೋಗಿ ಮಂಪರಿಗೆ ಜಾರುತ್ತಾರೆ.

ಹಂತ 4: ಅಂಕ ಕಡಿಮೆ ಇದ್ದರೂ ಸುಮ್ಮನಿರಬಾರದ ಸಂದರ್ಭ

ಅಂಕಪಟ್ಟಿಗೆ ಕೈ ಇಲ್ಲ, ಅದು ಮುಟ್ಟಿ ನೋಡುವುದಿಲ್ಲ. ಕರ್ನಾಟಕದ ವಾರ್ಡ್‌ಗಳಿಗೆ ಇದನ್ನು ಚೆನ್ನಾಗಿ ತಿಳಿಸಿಕೊಡುವ ಕಾಯಿಲೆ ಡೆಂಗಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು.

ಒಂದು ಮಾದರಿ ತೆಗೆದುಕೊಳ್ಳಿ. 14ನೇ ಬೆಡ್, 28 ವರ್ಷದ ಗಂಡಸು, 60 ಕಿಲೋ, ಜ್ವರದ ಐದನೇ ದಿನ. ಬೆಳಗ್ಗೆ 6ಕ್ಕೆ ಜ್ವರ 38.8, ನಾಡಿ 96, ಬಿಪಿ 118/76, ಉಸಿರಾಟ 18. ಸಂಜೆ 4ಕ್ಕೆ ಜ್ವರ 37, ನಾಡಿ 108, ಬಿಪಿ 108/88, ಉಸಿರಾಟ 22, ಸ್ಯಾಚುರೇಷನ್ 97. ಮನೆಯವರಿಗೆ ಜ್ವರ ಬಿಟ್ಟಿತೆಂದು ಖುಷಿ. ಅಂಕ ಕೂಡಿದರೆ ಉಸಿರಾಟಕ್ಕೆ 2, ಬಿಪಿಗೆ 1, ನಾಡಿಗೆ 1, ಒಟ್ಟು 4. ಚಾರ್ಟ್ ಪ್ರಕಾರ ಮುಂದಿನ ವೈಟಲ್ಸ್ ರಾತ್ರಿ 8ರಿಂದ 10ಕ್ಕೆ.

ಈಗ ಬಿಪಿಯ ಎರಡೂ ಅಂಕಿ ನೋಡಿ. 108ರಿಂದ 88 ಕಳೆದರೆ 20. ಬೆಳಗ್ಗೆ ಈ ಅಂತರ 42 ಇತ್ತು. ಡೆಂಗಿಯಲ್ಲಿ ರಕ್ತನಾಳಗಳಿಂದ ಪ್ಲಾಸ್ಮಾ ಹೊರಗೆ ಸೋರುತ್ತದೆ. ಒಳಗಿನ ರಕ್ತದ ಪ್ರಮಾಣ ಕಡಿಮೆಯಾದಾಗ ದೇಹ ಕೈಕಾಲಿನ ನಾಳಗಳನ್ನು ಬಿಗಿದು ಕೆಳಗಿನ ಬಿಪಿಯನ್ನು ಮೇಲಕ್ಕೆತ್ತುತ್ತದೆ. ಮೇಲಿನ ಬಿಪಿ ಇನ್ನೂ ಸರಿಯಿರುವಂತೆ ಕಾಣುತ್ತದೆ. ಅಂತರ 20 ಅಥವಾ ಕಡಿಮೆಯಾದರೆ ಶಾಕ್ (ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಶುರುವಾಗಿದೆ ಎಂದೇ ತಿಳಿಯಬೇಕು. ಕೈ ಮುಟ್ಟಿ: ತಣ್ಣಗೆ, ಬೆವತಿದೆ. ಬೆರಳಿನ ಉಗುರನ್ನು ಐದು ಸೆಕೆಂಡ್ ಒತ್ತಿ ಬಿಡಿ: ಬಣ್ಣ ಮರಳಲು 2 ಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಸಾಲುತ್ತಿಲ್ಲ. ಕೊನೆಯ ಸಲ ಮೂತ್ರ ಹೋಗಿದ್ದು ಯಾವಾಗ ಎಂದು ಕೇಳಿ. 60 ಕಿಲೋದವರಿಗೆ ಗಂಟೆಗೆ ಕನಿಷ್ಠ 30 ಎಂಎಲ್ ಆಗಬೇಕು. ಹೊಟ್ಟೆನೋವು ಹೆಚ್ಚಿದೆಯೇ, ಪದೇ ಪದೇ ವಾಂತಿ ಇದೆಯೇ, ವಸಡಿನಲ್ಲಿ ರಕ್ತ ಇದೆಯೇ?

ಎಲ್ಲರೂ ಪ್ಲೇಟ್‌ಲೆಟ್ ಎಷ್ಟೆಂದು ಕೇಳುತ್ತಾರೆ. ಆದರೆ ಡೆಂಗಿಯಲ್ಲಿ ಜನರನ್ನು ಹೆಚ್ಚು ಬಲಿ ತೆಗೆದುಕೊಳ್ಳುವುದು ಈ ಸೋರಿಕೆ, ಅದೂ ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತ ಪ್ಲೇಟ್‌ಲೆಟ್ ಇಳಿಯುವುದೇ ಅದರ ಗುರುತು. ಈ ರೋಗಿಗೆ ವೈದ್ಯರು ಸಾಮಾನ್ಯವಾಗಿ ಕಿಲೋಗೆ 5–10 ಎಂಎಲ್ ಲೆಕ್ಕದಲ್ಲಿ, ಎಂದರೆ 300–600 ಎಂಎಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಒಂದು ಗಂಟೆಯಲ್ಲಿ ಕೊಡಿಸಿ, ಮತ್ತೆ ಪರೀಕ್ಷಿಸಿ ಮುಂದಿನ ವೇಗ ನಿರ್ಧರಿಸುತ್ತಾರೆ. ಹಿಮಟೋಕ್ರಿಟ್‌ಗೆ ರಕ್ತ ತೆಗೆಯುವುದು ಫ್ಲೂಯಿಡ್ ಶುರುವಾಗುವ ಮೊದಲು. ಆಮೇಲೆ 15–30 ನಿಮಿಷಕ್ಕೊಮ್ಮೆ ನೀವು ನೋಡಿ ಬರೆಯಬೇಕು. ಸೊಂಟಕ್ಕೆ ಇಂಜೆಕ್ಷನ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಎರಡು ದಿನದ ಮೇಲೆ ಸೋರಿದ ನೀರು ರಕ್ತಕ್ಕೆ ವಾಪಸ್ ಬರುವಾಗ ಹಳೇ ವೇಗದಲ್ಲೇ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಗ ಉಸಿರಾಟ ಏರಿದರೆ ಅದು ಶಾಕ್ ಅಲ್ಲ, ಅತಿಯಾದ ಫ್ಲೂಯಿಡ್. ಅದೇ ಅಂಕಿ, ಬೇರೆ ದಿನ, ತದ್ವಿರುದ್ಧ ಅರ್ಥ.

ಅಂಕಿ ಸುಳ್ಳು ಹೇಳುವ ಇನ್ನೂ ಕೆಲವರಿದ್ದಾರೆ. ನಾಡಿ ನಿಧಾನಿಸುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ತಗೊಳ್ಳುವವರಿಗೆ ಒಳಗೆ ರಕ್ತ ಹೋಗುತ್ತಿದ್ದರೂ ನಾಡಿ ಏರದಿರಬಹುದು. ಯಾವಾಗಲೂ 170 ಇರುವ ಬಿಪಿ ರೋಗಿಗೆ 112 ಎಂಬುದು ಕುಸಿತವೇ. ವಯಸ್ಸಾದವರಿಗೆ ದೊಡ್ಡ ಸೋಂಕಿನಲ್ಲೂ ಜ್ವರ ಬರದಿರಬಹುದು.

ರೋಗಿಯ ಮಾತನ್ನೂ ಹೀಗೇ ತೂಗಬೇಕು. "ಎದೆ ಉರಿ, ಗ್ಯಾಸ್ ಆಗಿದೆ" ಎಂದಾಗ ಪ್ಯಾಂಟೊಪ್ರಜೋಲ್ ಕೊಟ್ಟು ಮುಂದೆ ಹೋಗಬೇಡಿ; ಹತ್ತು ನಿಮಿಷದೊಳಗೆ ಇಸಿಜಿ ತೆಗೆದು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಹೃದಯಾಘಾತ ಬರೀ ಸುಸ್ತು, ಬೆವರು, ವಾಕರಿಕೆಯಾಗಿ ಬರುವುದುಂಟು. "ಜೀವಕ್ಕೆ ಒಂಥರಾ ಆಗ್ತಿದೆ ಸಿಸ್ಟರ್" ಎಂಬ ಮಾತಿಗೆ ಯಾವ ಚಾರ್ಟ್‌ನಲ್ಲೂ ಕಾಲಂ ಇಲ್ಲ. ಅದನ್ನು ಕೇಳಿದ ಕೂಡಲೇ ವೈಟಲ್ಸ್ ಮತ್ತೆ ನೋಡಿ, ಹೇಳಿದ ಮಾತನ್ನು ಹಾಗೇ ಕೇಸ್‌ಶೀಟ್‌ನಲ್ಲಿ ಬರೆಯಿರಿ.

ಹಂತ 5: ಫೋನ್

ಫೋನ್ ಎತ್ತುವ ಮೊದಲು ಕೇಸ್‌ಶೀಟ್ ಕೈಯಲ್ಲಿರಲಿ, ವೈಟಲ್ಸ್ ಐದು ನಿಮಿಷದೊಳಗಿನದಾಗಿರಲಿ. "ಸರ್, 14ನೇ ಬೆಡ್ ಪೇಷಂಟ್‌ಗೆ ಯಾಕೋ ಸರಿಯಿಲ್ಲ" ಎಂದರೆ "ನೋಡ್ತಾ ಇರಿ, ಬರ್ತೀನಿ" ಎಂಬ ಉತ್ತರ ಬರುತ್ತದೆ. ಎಸ್‌ಬಾರ್ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು: ಈಗ ಏನಾಗಿದೆ, ಹಿನ್ನೆಲೆ ಏನು, ನೀವು ಕಂಡದ್ದೇನು, ಏನು ಬೇಕು. ನಮ್ಮ ಮಾತಿನಲ್ಲಿ ಹೀಗೆ:

"ಸರ್, ಮೇಲ್ ಮೆಡಿಕಲ್ ವಾರ್ಡಿಂದ ಸಿಸ್ಟರ್ ಮಾತಾಡ್ತಿದೀನಿ. 14ನೇ ಬೆಡ್ ಡೆಂಗಿ ಪೇಷಂಟ್ ಶಾಕ್‌ಗೆ ಹೋಗ್ತಿದಾರೆ ಅನ್ಸುತ್ತೆ, ಈಗಲೇ ಬಂದು ನೋಡ್ಬೇಕು. 28 ವರ್ಷ, ಐದನೇ ದಿನ, ಇವತ್ತು ಜ್ವರ ಬಿಟ್ಟಿದೆ, ಎರಡು ಸಲ ವಾಂತಿ, ಬೆಳಗ್ಗೆ ಹತ್ತರಿಂದ ಯೂರಿನ್ ಆಗಿಲ್ಲ. ಬಿಪಿ 108/88, ಬೆಳಗ್ಗೆ 118/76 ಇತ್ತು. ಪಲ್ಸ್ 108, ಉಸಿರಾಟ 22, ಕೈಕಾಲು ತಣ್ಣಗಿದೆ. 18 ಗೇಜ್ ಕ್ಯಾನುಲಾ ಹಾಕಿದೀನಿ, ಹಿಮಟೋಕ್ರಿಟ್‌ಗೆ ಸ್ಯಾಂಪಲ್ ತೆಗ್ದಿದೀನಿ. ಫ್ಲೂಯಿಡ್ ಏನು, ಎಷ್ಟು ಹಾಕ್ಲಿ ಹೇಳಿ. ನೀವು ಎಷ್ಟು ನಿಮಿಷಕ್ಕೆ ಬರ್ತೀರಿ ಸರ್?"

ಕೊನೆಯ ಪ್ರಶ್ನೆ ಬಿಡಬೇಡಿ. ನಡುರಾತ್ರಿ ಎಬ್ಬಿಸಿದ್ದಕ್ಕೆ ಕ್ಷಮೆ ಕೇಳಿ ಮಾತು ಶುರು ಮಾಡಿದರೆ ಸುದ್ದಿಯ ತೂಕವೇ ಇಳಿದುಹೋಗುತ್ತದೆ. ಫೋನಿನಲ್ಲಿ ಕೊಟ್ಟ ಆರ್ಡರ್ ಬರೆದುಕೊಂಡು ವಾಪಸ್ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಒಂದೇ ಥರ ಕೇಳುತ್ತವೆ. "ಒನ್ ಫೈವ್" ಎಂದು ಬಿಡಿಸಿ ಹೇಳಿ. ಹೇಳಿದ ಹೊತ್ತಿಗೆ ಅವರು ಬರದಿದ್ದರೆ, ಬರುವುದಿಲ್ಲ ಎಂದರೆ, ಅವರ ಮೇಲಿನವರಿಗೆ ಫೋನ್ ಮಾಡಿ: ಪಿಜಿ (ಸ್ನಾತಕೋತ್ತರ ಓದುತ್ತಿರುವ ವೈದ್ಯರು), ಆಮೇಲೆ ಕನ್ಸಲ್ಟೆಂಟ್, ಜೊತೆಗೆ ನರ್ಸಿಂಗ್ ಸೂಪರ್‌ವೈಸರ್. ಪ್ರತಿ ಕರೆಯ ಸಮಯ ನಿಮಿಷದ ಲೆಕ್ಕದಲ್ಲಿ ಬರೆಯಿರಿ.

ಹಂತ 6: ವೈದ್ಯರು ಬರುವವರೆಗೆ

ರೋಗಿಯ ಬಳಿ ಒಬ್ಬರು ಇರಲಿ. ಉಸಿರಿಗೆ ಕಷ್ಟವಿದ್ದರೆ ತಲೆಭಾಗ ಎತ್ತಿ. ಬಿಪಿ ಬಿದ್ದಿದ್ದರೆ ಚಪ್ಪಟೆ ಮಲಗಿಸಿ. ಆಕ್ಸಿಜನ್ ಗುರಿ ಸಾಮಾನ್ಯವಾಗಿ 94–98. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1–4 ಲೀಟರ್. ಸಾದಾ ಮಾಸ್ಕ್‌ಗೆ 5 ಲೀಟರಿಗಿಂತ ಕಡಿಮೆ ಇಡಬಾರದು, ಬಿಟ್ಟ ಉಸಿರೇ ಒಳಗೆ ಸುತ್ತುತ್ತದೆ. ಚೀಲವಿರುವ ಮಾಸ್ಕ್‌ಗೆ 10–15 ಲೀಟರ್. ಚೀಲ ಉಬ್ಬಿದ ಮೇಲೇ ಮುಖಕ್ಕೆ ಹಾಕಿ.

ಸಿಟಿ ಸ್ಕ್ಯಾನಿಗೆ, ಐಸಿಯುಗೆ ಶಿಫ್ಟ್ ಮಾಡುವಾಗ ಸಿಲಿಂಡರ್ ಲೆಕ್ಕ ಮೊದಲೇ ಹಾಕಿ. ತುಂಬಿದ ಬಿ-ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್; ನಿಮಿಷಕ್ಕೆ 10 ಲೀಟರಂತೆ 150 ನಿಮಿಷ. ಮುಳ್ಳು ಅರ್ಧಕ್ಕಿದ್ದರೆ 75 ನಿಮಿಷ, ಲಿಫ್ಟ್ ಕಾಯುವುದೂ ಅದರಲ್ಲೇ ಸೇರಿತು.

ಪ್ರಜ್ಞೆ ಅಥವಾ ವರ್ತನೆ ಬದಲಾದ ಪ್ರತಿಯೊಬ್ಬರಿಗೂ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಸಕ್ಕರೆ ಪರೀಕ್ಷೆ) ಕಡ್ಡಾಯ, ಸಕ್ಕರೆ ಕಾಯಿಲೆ ಇರಲಿ ಬಿಡಲಿ. 70ಕ್ಕಿಂತ ಕಡಿಮೆ, ನುಂಗಬಲ್ಲರು ಎಂದಾದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ತಗೊಳ್ಳುವವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ, ಏಕೆಂದರೆ ಆ ಮಾತ್ರೆಯ ಕೆಲಸವೇ ಸಕ್ಕರೆ ಒಡೆಯುವುದನ್ನು ತಡೆಯುವುದು. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಸ್ಟ್ಯಾಂಡಿಂಗ್ ಆರ್ಡರ್ (ವೈದ್ಯರು ಮೊದಲೇ ಬರೆದಿಟ್ಟ ಆದೇಶ) ಇದ್ದಂತೆ 25% ಡೆಕ್ಸ್‌ಟ್ರೋಸ್ 100 ಎಂಎಲ್, ಒಳ್ಳೆಯ ಕ್ಯಾನುಲಾದಲ್ಲಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಬೀಳುತ್ತದೆ, ಕಿಡ್ನಿ ಕೆಟ್ಟಿದ್ದರಂತೂ ಖಂಡಿತ. ಎದ್ದು ಕೂತು ಮಾತಾಡಿದರೆಂದು ಬಿಡದೆ ರಾತ್ರಿಯಿಡೀ ಗಂಟೆಗಂಟೆಗೆ ನೋಡಿ.

ಹಂತ 7: ಔಷಧಿ ಕೈಗೆ ತಗೊಂಡಾಗ

"ನೀವು ಮಂಜುನಾಥಾ?" ಎಂದರೆ ನಿದ್ದೆಗಣ್ಣಿನಲ್ಲಿ ಯಾರು ಬೇಕಾದರೂ "ಹೂಂ" ಎನ್ನುತ್ತಾರೆ. "ನಿಮ್ಮ ಹೆಸರು ಹೇಳಿ" ಎನ್ನಿ. ಕೈಪಟ್ಟಿಯ ಐಪಿ (ಒಳರೋಗಿ) ನಂಬರನ್ನು ಚಾರ್ಟ್ ಜೊತೆ ತಾಳೆ ನೋಡಿ. ಬೆಡ್ ನಂಬರ್ ಗುರುತಲ್ಲ, ಫ್ಯಾನ್ ಕೆಳಗೆ ಬೇಕೆಂದು ಜನ ಹಾಸಿಗೆ ಬದಲಿಸಿಕೊಂಡಿರುತ್ತಾರೆ.

ಇನ್ಸುಲಿನ್‌ಗೆ ವಿಶೇಷ ಎಚ್ಚರ. ನಮ್ಮಲ್ಲಿ ಎಂಎಲ್‌ಗೆ 40 ಯೂನಿಟ್‌ನ ವಯಲ್‌ಗಳೂ ಇವೆ, 100 ಯೂನಿಟ್‌ನವೂ ಇವೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಬರುವುದು ಕಾಲು ಎಂಎಲ್, ಎಂದರೆ 25 ಯೂನಿಟ್. ಎರಡೂವರೆ ಪಟ್ಟು. ತದ್ವಿರುದ್ಧ ಮಾಡಿದರೆ ರೋಗಿಗೆ ಸಿಗುವುದು ಬರೀ 4. ವಯಲ್, ಸಿರಿಂಜ್ ಎರಡನ್ನೂ ಅಕ್ಕಪಕ್ಕ ಹಿಡಿದು ಇನ್ನೊಬ್ಬರಿಂದ ಓದಿಸಿ. ಪೆನ್ ಕಾರ್ಟ್ರಿಡ್ಜ್‌ಗೆ ಸೂಜಿ ಚುಚ್ಚಿ ಎಳೆಯುವುದು ಬೇಡವೇ ಬೇಡ. ಊಟದ ತಟ್ಟೆ ಕಣ್ಣಿಗೆ ಕಂಡ ಮೇಲೆ ಊಟದ ಇನ್ಸುಲಿನ್.

ಪೊಟ್ಯಾಸಿಯಂ ಕ್ಲೋರೈಡ್‌ನ 10 ಎಂಎಲ್, 15% ಆಂಪ್ಯೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಅದನ್ನು ಸಿರಿಂಜ್‌ನಿಂದ ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ವಾರ್ಡಿನಲ್ಲಿ, ಕೈಯ ಕ್ಯಾನುಲಾದಲ್ಲಿ, ಗಂಟೆಗೆ 10 ಮಿಲಿ ಈಕ್ವಿವಲೆಂಟಿಗಿಂತ ಹೆಚ್ಚು ಬೇಡ. ಒಂದು ಆಂಪ್ಯೂಲ್ ಹಾಕಿದ 500 ಎಂಎಲ್ ಬಾಟಲಿ ಎರಡು ಗಂಟೆಗಿಂತ ಬೇಗ ಮುಗಿಯಕೂಡದು. ತೂಗುಹಾಕಿದ ಬಾಟಲಿಗೆ ಸೇರಿಸಿದರೆ ಭಾರದ ದ್ರಾವಣ ಕೆಳಗೇ ನಿಂತು ಒಟ್ಟಿಗೆ ಒಳಹೋಗುತ್ತದೆ. ಬಾಟಲಿ ಕೆಳಗಿಳಿಸಿ, ಸೇರಿಸಿ, ಹತ್ತು ಸಲ ಬೋರಲು ಮಾಡಿ ಕಲಸಿ, ಲೇಬಲ್ ಅಂಟಿಸಿ. ಮೂತ್ರ ಆಗುತ್ತಿದೆಯೇ ಎಂದು ಅದಕ್ಕೂ ಮೊದಲು ನೋಡಿ. ಆಂಪ್ಯೂಲ್‌ಗಳನ್ನು ಡಿಸ್ಟಿಲ್ಡ್ ವಾಟರ್ ಪಕ್ಕ ಇಡಬಾರದು, ಬೇರೆ ಬೀರುವಿನಲ್ಲಿ ಬೀಗ ಹಾಕಿಡಬೇಕು.

ಹನಿ ಲೆಕ್ಕ: ಎಂಎಲ್‌ಗೆ 20 ಹನಿಯ ಸೆಟ್‌ನಲ್ಲಿ 500 ಎಂಎಲ್ ನಾಲ್ಕು ಗಂಟೆಗೆ ಹೋಗಬೇಕೆಂದರೆ ನಿಮಿಷಕ್ಕೆ 42 ಹನಿ. ಸೆಟ್‌ನ ಕವರ್ ಮೇಲೆ ಎಷ್ಟು ಹನಿ ಎಂದು ಬರೆದಿರುತ್ತದೆ, 15ರದೂ ಬರುತ್ತದೆ. ಮೈಕ್ರೋ ಸೆಟ್‌ನಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ.

ರಕ್ತ ಕೊಡುವಾಗ ಮೊದಲ 15 ನಿಮಿಷ ಹಾಸಿಗೆ ಬಿಟ್ಟು ಕದಲಬೇಡಿ. ಬ್ಯಾಗ್ ಬಂದ 30 ನಿಮಿಷದೊಳಗೆ ಶುರು, ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಚಳಿ, ಸೊಂಟನೋವು, ಮೈಕಡಿತ, ಉಸಿರುಕಟ್ಟು ಕಂಡರೆ ನಿಲ್ಲಿಸಿ, ಸೆಟ್ ಬದಲಿಸಿ, ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಿ, ವೈದ್ಯರನ್ನು ಕರೆಯಿರಿ. ಬ್ಯಾಗ್ ಎಸೆಯದೆ ಬ್ಲಡ್ ಬ್ಯಾಂಕಿಗೆ ಕಳಿಸಿ.

ಹಂತ 8: ತಪ್ಪಾದರೆ

ತಪ್ಪು ಔಷಧಿ ಹೋಗಿದೆ ಎಂದು ಗೊತ್ತಾದ ಕ್ಷಣ ಡ್ರಿಪ್ ನಿಲ್ಲಿಸಿ, ರೋಗಿಯ ವೈಟಲ್ಸ್ ನೋಡಿ, ವೈದ್ಯರಿಗೆ ಹೇಳಿ. ಈ ಮೂರೂ ಆದ ಮೇಲೆ ಬರವಣಿಗೆ. ಕೊಟ್ಟ ಔಷಧಿ, ಪ್ರಮಾಣ, ಸಮಯ, ಆಮೇಲೆ ಏನು ಮಾಡಿದಿರಿ ಎಂಬುದು ಕೇಸ್‌ಶೀಟ್‌ಗೆ. ಹೇಗಾಯಿತು ಎಂಬುದು ಇನ್ಸಿಡೆಂಟ್ ಫಾರ್ಮ್‌ಗೆ. ಖಾಲಿ ಆಂಪ್ಯೂಲ್ ಎಸೆಯಬೇಡಿ. ಬಯ್ಗುಳಕ್ಕೆ ಹೆದರಿ ಮುಚ್ಚಿಟ್ಟರೆ ಪ್ರತಿಮದ್ದು ಕೊಡುವ ಹೊತ್ತು ಕೈತಪ್ಪುತ್ತದೆ. ಫಾರ್ಮ್ ಬರೆದವರನ್ನೇ ಶಿಕ್ಷಿಸುವ ವಾರ್ಡಿನಲ್ಲಿ ಮುಂದಿನ ಸಲ ಯಾರೂ ಬರೆಯುವುದಿಲ್ಲ; ಇನ್‌ಚಾರ್ಜ್ ಸಿಸ್ಟರ್‌ಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹಂತ 9: ಓವರ್ ಕೊಡುವುದು

ಸ್ಟೇಷನ್‌ನಲ್ಲಿ ಕೂತು ಅಲ್ಲ, ಹಾಸಿಗೆ ಪಕ್ಕ. "ಪೇಷಂಟ್ ಕಂಫರ್ಟಬಲ್" ಎಂಬ ಸಾಲಿನಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಮೊದಲು ಅಂಕ ಹೆಚ್ಚಿರುವವರು, ಆಮೇಲೆ ನಿಮಗೆ ಅನುಮಾನ ಇರುವವರು, ಉಳಿದವರು ಕೊನೆಗೆ. ಕ್ಯಾನುಲಾ ಜಾಗ ಊದಿದೆಯೇ, ಡ್ರೈನ್ ಎಷ್ಟರ ಗೆರೆಗೆ ಬಂದಿದೆ, ಮೂತ್ರದ ಚೀಲದಲ್ಲಿ ಎಷ್ಟಿದೆ, ಯಾವ ಡೋಸ್ ಬಾಕಿ, ಯಾವ ರಿಪೋರ್ಟ್ ಬರಬೇಕು ಎಂಬುದನ್ನು ಇಬ್ಬರೂ ಕಣ್ಣಾರೆ ನೋಡಿ. 14ನೇ ಬೆಡ್‌ಗೆ ಬಂದಾಗ ಹೊಸಬರೂ ಆ ಕೈಯನ್ನು ಮುಟ್ಟಿ ನೋಡಲಿ; ಈಗ ಎಷ್ಟು ಬೆಚ್ಚಗಿದೆ ಎಂದು ಅವರಿಗೆ ಗೊತ್ತಿದ್ದರೆ ತಣ್ಣಗಾದಾಗ ತಿಳಿಯುತ್ತದೆ. ಮುಂದಿನ ಬಿಪಿ ಎಷ್ಟು ಗಂಟೆಗೆ ಎಂದು ಹೇಳಿ, ಅದನ್ನು ಅವರು ಬರೆದುಕೊಂಡ ಮೇಲೆ ಹೊರಡಿ.